ಕೋಳಿ ಗೊರಗೊರ ಅಂತಿದೆಯಾ? ಔಷಧಿ ಪುಡಿ ತರುವ ಮೊದಲು ಏನೇನು ನೋಡಬೇಕು

ರಾತ್ರಿ ಒಂಬತ್ತರ ಹೊತ್ತಿಗೆ ಗೂಡಿನ ಹತ್ತಿರ ಹೋಗಿ. ದೀಪ ಹಾಕಬೇಡಿ, ಮೊಬೈಲ್ ಟಾರ್ಚೂ ಬೇಡ. ಕೋಳಿಗಳೆಲ್ಲ ಕೋಲಿನ ಮೇಲೆ ಕೂತು ತೂಕಡಿಸುತ್ತಿರುತ್ತವೆ, ಆಗ ಸುಮ್ನೆ ಐದು ನಿಮಿಷ ನಿಂತು ಕೇಳಿ. ಹಗಲಲ್ಲಿ ಅವು ಕೆದಕುವುದು, ಕಿತ್ತಾಡುವುದು, ರಸ್ತೆಯ ಆಟೋ ಸದ್ದು ಎಲ್ಲ ಸೇರಿ ಏನೂ ಗೊತ್ತಾಗುವುದಿಲ್ಲ. ಹುಷಾರಾಗಿರುವ ಕೋಳಿಯ ಉಸಿರು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಬಿತ್ತು ಅಂದರೆ ಏನೋ ಕೆಟ್ಟಿದೆ.

ನಮ್ಮ ಮನೆ ಯಲಹಂಕದ ಕಡೆ. ಹಿಂದುಗಡೆ ಎಂಟು ಅಡಿ ಅಗಲದ ಜಾಗ, ಒಂದು ಸೀಬೆ ಮರ, ಅದರ ಕೆಳಗೆ ಗೂಡು, ಒಟ್ಟು ಒಂಬತ್ತು ಕೋಳಿ. ಅದರಲ್ಲಿ ಬೂದು ಬಣ್ಣದ ಹ್ಯಾಟೆಯೊಂದು ಸೆಪ್ಟೆಂಬರ್ ಮಳೆಯಲ್ಲಿ ಸೀನಲು ಶುರು ಮಾಡಿತು. ಊರಿಂದ ಬಂದಿದ್ದ ನಮ್ಮತ್ತೆ ಮೊದಲ ದಿನವೇ ಹೇಳಿದರು: "ನೋಡವ್ವ, ಆ ಬೂದುಂದು ಗೊರಗೊರ ಅಂತೈತೆ, ಬೇರೆ ಹಾಕು." ನಾನು ಶೀತ ಆಗಿರಬೇಕು ಬಿಡಿ ಅತ್ತೆ ಅಂದೆ. ಮೂರು ವಾರದಲ್ಲಿ ಆರು ಕೋಳಿಗೆ ಹಿಡಿಯಿತು, ಒಂದು ಸತ್ತೇಹೋಯಿತು. ಆಗ ನಾನು ಮಾಡಿದ ತಪ್ಪುಗಳನ್ನೂ ಆಮೇಲೆ ಪಶುವೈದ್ಯರಿಂದ ಕಲಿತದ್ದನ್ನೂ ಸೇರಿಸಿ, ಯಾವುದನ್ನು ಮೊದಲು ನೋಡಬೇಕು ಅನ್ನುವ ಕ್ರಮದಲ್ಲೇ ಬರೆಯುತ್ತಿದ್ದೇನೆ. ಔಷಧಿ ಕೊನೆಯ ಕಡೆ ಬರುತ್ತದೆ. ಬೇಕಂತಲೇ ಹಾಗಿಟ್ಟಿದ್ದೇನೆ.

ಮೊದಲು: ಇದು ರೋಗವೇನಾ?

ಬಾಯಿ ತೆರೆದು ಉಸಿರಾಡುವ ಕೋಳಿಗೆಲ್ಲ ಸೋಂಕು ಇರುವುದಿಲ್ಲ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನಲ್ಲಿ 35 ಡಿಗ್ರಿ ಮುಟ್ಟಿದಾಗ, ಅದರಲ್ಲೂ ಟೆರೇಸ್ ಮೇಲೆ ಶೀಟ್ ಹಾಕಿದ ಗೂಡಾದರೆ, ಎಲ್ಲ ಕೋಳಿಗಳೂ ರೆಕ್ಕೆ ಸ್ವಲ್ಪ ಎತ್ತಿಕೊಂಡು ಬಾಯಿ ಬಿಟ್ಟು ಏದುಸಿರು ಬಿಡುತ್ತವೆ. ಕೋಳಿಗೆ ಬೆವರು ಬರುವುದಿಲ್ಲ, ಮೈ ತಂಪು ಮಾಡಿಕೊಳ್ಳಲು ಅದಕ್ಕಿರುವ ಮುಖ್ಯ ದಾರಿಯೇ ಅದು. ಇದರಲ್ಲಿ ಗೊರಗೊರ ಇರುವುದಿಲ್ಲ, ಮೂಗಲ್ಲಿ ಏನೂ ಸೋರುವುದಿಲ್ಲ, ಸಂಜೆ ತಂಪಾದ ಮೇಲೆ ತಾನಾಗೇ ನಿಲ್ಲುತ್ತದೆ. ನೆರಳು ಮಾಡಿ, ತಣ್ಣನೆ ನೀರಿಡಿ, ಅಷ್ಟೇ.

ಇನ್ನೊಂದು ಗೂಡಿನ ಗಾಳಿ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ, ಹೊರಗಿನ ಗಾಳಿ ಒಳಗೆ ಹೋಗುವ ಮೊದಲೇ, ಕುಕ್ಕರುಗಾಲಲ್ಲಿ ಕೂತು ಕೋಳಿಯ ತಲೆಯ ಮಟ್ಟಕ್ಕೆ ನಿಮ್ಮ ಮೂಗು ತಂದು ಒಮ್ಮೆ ಉಸಿರೆಳೆದುಕೊಳ್ಳಿ. ನಿಂತುಕೊಂಡು ಮೂಸಿದರೆ ಗೊತ್ತಾಗುವುದಿಲ್ಲ. ಮೂಗು ಚುರುಗುಟ್ಟಿತಾ, ಕಣ್ಣಲ್ಲಿ ನೀರು ಬಂತಾ? ಹಾಗಿದ್ದರೆ ಅದು ಹಿಕ್ಕೆಯಿಂದ ಏಳುವ ಅಮೋನಿಯಾ. ಕೋಳಿಯ ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಒಳಗೆ ಹೋದ ಧೂಳನ್ನೂ ಕ್ರಿಮಿಗಳನ್ನೂ ಮೇಲಕ್ಕೆ ಗುಡಿಸಿ ಹಾಕುವುದು ಅವುಗಳ ಕೆಲಸ. ಅಮೋನಿಯಾ ಆ ಪೊರಕೆಯನ್ನೇ ಸುಟ್ಟುಬಿಡುತ್ತದೆ. ಗೂಡಿನ ಗಾಳಿಯಲ್ಲಿ ಅದು 25 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಗೆ 25 ಭಾಗ, ದಾಟಬಾರದು ಅನ್ನುತ್ತಾರೆ, ಆದರೆ ನಮ್ಮಂಥವರ ಹತ್ತಿರ ಅಳೆಯುವ ಯಂತ್ರ ಎಲ್ಲಿರುತ್ತದೆ. ಮೂಗಿಗೆ ಗೊತ್ತಾಯಿತು ಅಂದರೆ ಆಗಲೇ ಜಾಸ್ತಿಯಾಗಿದೆ ಅಂತಲೇ ಲೆಕ್ಕ.

ನನ್ನ ಮೊದಲ ತಪ್ಪು ಇಲ್ಲೇ. ಮಳೆ ಎರಚಲು ಒಳಗೆ ಬರುತ್ತದೆ ಅಂತ ನೀಲಿ ಟಾರ್ಪಾಲ್ ತಂದು ಗೂಡಿನ ನಾಲ್ಕೂ ಕಡೆ ನೆಲದವರೆಗೆ ಕಟ್ಟಿದ್ದೆ. ಬೆಚ್ಚಗಿರಲಿ ಪಾಪ ಅಂತ. ಒಳಗೆ ಒದ್ದೆ ಹೊಟ್ಟು, ಹಿಕ್ಕೆ, ಒಂಬತ್ತು ಕೋಳಿಯ ಉಸಿರಿನ ತೇವ ಎಲ್ಲ ಸೇರಿ, ಬೆಳಿಗ್ಗೆ ಟಾರ್ಪಾಲಿನ ಒಳಮೈಯಲ್ಲಿ ನೀರು ಹನಿಹನಿಯಾಗಿ ನಿಂತಿರುತ್ತಿತ್ತು. ಅದನ್ನು ದಿನಾ ನೋಡುತ್ತಿದ್ದೆ. ಏನು ಅಂತ ತಲೆಗೆ ಹೋಗಲಿಲ್ಲ.

ಗೂಡಿನ ಪಕ್ಕ ಸೊಳ್ಳೆ ಬತ್ತಿ ಹಚ್ಚಿಡುತ್ತೀರಾ? ಸಂಜೆ ಸಾಂಬ್ರಾಣಿ ಹೊಗೆ ಹಾಕುತ್ತೀರಾ? ದೀಪಾವಳಿಯ ಮೂರು ದಿನದ ಹೊಗೆ ಕುಡಿದವಾ? ಅವಕ್ಕೂ ಸೀನು ಬರುತ್ತದೆ. ಹೊಗೆ ನಿಲ್ಲಿಸಿ, ಹೊಟ್ಟು ಬದಲಾಯಿಸಿ, ಗಾಳಿ ಬಿಟ್ಟು ಎರಡು ಮೂರು ದಿನ ನೋಡಿ. ಮೇವು ತಿನ್ನುತ್ತಾ ಓಡಾಡಿಕೊಂಡಿರುವ ಕೋಳಿ ಬರೀ ಸೀನುತ್ತಿದ್ದರೆ ಅಷ್ಟು ಕಾಯುವುದಕ್ಕೆ ಅಡ್ಡಿಯಿಲ್ಲ. ಸೀನುವುದನ್ನು ಮಾತ್ರ ಆ ಹೊತ್ತಿಗೇ ಬೇರೆ ಹಾಕಿ.

ಕಾಯಬಾರದ ಲಕ್ಷಣಗಳು

ಕೆಳಗಿನ ಯಾವುದಾದರೂ ಕಂಡರೆ ಮುಂದೆ ಓದುವುದನ್ನು ಬಿಟ್ಟು ಫೋನ್ ಮಾಡಿ. ನಿನ್ನೆ ಚೆನ್ನಾಗಿದ್ದ ಕೋಳಿ ಇವತ್ತು ಸತ್ತು ಬಿದ್ದಿದೆ, ಅದರ ಹಿಂದೆಯೇ ಇನ್ನೊಂದು. ಜುಟ್ಟು, ಗಲ್ಲದ ಚರ್ಮ ನೇರಳೆ ಬಣ್ಣಕ್ಕೆ ತಿರುಗಿದೆ. ತಲೆಯೆಲ್ಲ ಊದಿದೆ. ಹಸಿರು ಹಸಿರಾಗಿ ಭೇದಿ. ಕತ್ತು ಹಿಂದಕ್ಕೋ ಪಕ್ಕಕ್ಕೋ ತಿರುಚಿಕೊಂಡಿದೆ, ಕಾಲು ರೆಕ್ಕೆ ಬಿದ್ದುಹೋಗಿವೆ.

ಇದು ಕೊಕ್ಕರೆ ರೋಗ ಇರಬಹುದು, ಹಕ್ಕಿಜ್ವರವೂ ಇರಬಹುದು. ಬರಿಗಣ್ಣಲ್ಲಿ ನೋಡಿ ಇದು ಅದೇ ಅಂತ ಹೇಳಲು ಅನುಭವಸ್ಥರಿಗೂ ಆಗುವುದಿಲ್ಲ. ಕೊಕ್ಕರೆ ರೋಗವನ್ನೇ ರಾಣಿಖೇತ್ ಅನ್ನುವುದು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ 1926ರಲ್ಲಿ ಗುರುತಿಸಿದ್ದ ರೋಗ ಮರುವರ್ಷ ನಮ್ಮ ಉತ್ತರಾಖಂಡದ ಕುಮಾವೂಂ ಬೆಟ್ಟದ ರಾಣಿಖೇತ್‌ನಲ್ಲಿ ಕಂಡಿತು, ಹೆಸರು ಅಲ್ಲಿಂದ ಬಂದದ್ದು. ಹಕ್ಕಿಜ್ವರ ಎಲ್ಲೋ ದೂರದ ಮಾತು ಅಂದುಕೊಳ್ಳಬೇಡಿ, 2012ರ ಅಕ್ಟೋಬರಿನಲ್ಲಿ ನಮ್ಮ ಹೆಸರಘಟ್ಟದಲ್ಲೇ ಬಂದಿತ್ತು. ಎರಡಕ್ಕೂ ಔಷಧಿ ಇಲ್ಲ. ಎರಡನ್ನೂ ಸರ್ಕಾರಕ್ಕೆ ತಿಳಿಸಲೇಬೇಕು. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ದೂರ ಇಡಿ, ಉಳಿದವನ್ನು ಯಾರಿಗೂ ಮಾರಬೇಡಿ, ಕೊಡಬೇಡಿ. ಸಾಯುವ ಮೊದಲು ಕುಯ್ದು ಸಾರು ಮಾಡಿಬಿಡೋಣ ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರ ಮಾತು ಕೇಳಬೇಡಿ.

ಮುಖ ನೋಡಿ

ಅಷ್ಟು ಜೋರಾಗಿಲ್ಲ, ಆದರೂ ಗೊರಗೊರ ನಿಂತಿಲ್ಲ ಅಂದರೆ ಕೋಳಿಯನ್ನು ಹಿಡಿದು ನೋಡಬೇಕು. ಹಿಡಿಯುವುದರಲ್ಲೂ ಒಂದು ವಿಷಯ ಇದೆ. ಕೋಳಿಗೆ ನಮ್ಮ ಹಾಗೆ ಎದೆಗೂ ಹೊಟ್ಟೆಗೂ ನಡುವೆ ಉಸಿರೆಳೆಯುವ ಸ್ನಾಯು ಇಲ್ಲ. ಎದೆಗೂಡನ್ನೇ ಹಿಗ್ಗಿಸಿ ಕುಗ್ಗಿಸಿ, ಒಳಗಿರುವ ಒಂಬತ್ತು ಗಾಳಿಚೀಲಗಳ ಮೂಲಕ ಉಸಿರಾಡುತ್ತದೆ. ಎದೆ ಅಮುಕಿ ಹಿಡಿದರೆ, ಕಾಲು ಹಿಡಿದು ತಲೆಕೆಳಗು ಮಾಡಿದರೆ, ಮೊದಲೇ ಉಸಿರಿಗೆ ಒದ್ದಾಡುತ್ತಿರುವ ಕೋಳಿ ಕೈಯಲ್ಲೇ ಸಾಯಬಹುದು. ಕಂಕುಳಲ್ಲಿ ಸಡಿಲವಾಗಿ ಇಟ್ಟುಕೊಳ್ಳಿ. ಹಿಡಿಯುವ ಮೊದಲು ದೂರದಿಂದಲೇ ಒಂದು ನಿಮಿಷ ಉಸಿರು ಎಣಿಸಿ. ತಂಪು ಹೊತ್ತಲ್ಲಿ ಸುಮ್ನೆ ಕೂತ ಕೋಳಿ ನಿಮಿಷಕ್ಕೆ ಹೆಚ್ಚುಕಮ್ಮಿ 15ರಿಂದ 30 ಸಲ ಉಸಿರಾಡುತ್ತದೆ. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಅದು ಕಷ್ಟಪಡುತ್ತಿದೆ.

ಈಗ ಕಣ್ಣಿನ ಮೂಲೆ. ಸೋಪಿನ ನೊರೆಯ ಹಾಗೆ ಸಣ್ಣ ಗುಳ್ಳೆಗಳು ಕಾಣುತ್ತಿವೆಯಾ? ನಮ್ಮ ಬೂದು ಹ್ಯಾಟೆಗೆ ಹಾಗೇ ಇತ್ತು. ಒರೆಸಿದರೆ ಅರ್ಧ ಗಂಟೆಯಲ್ಲಿ ಮತ್ತೆ ನೊರೆ. ಮೂಗಿನ ಹೊಳ್ಳೆಗೆ ಧೂಳು ಮೆತ್ತಿಕೊಂಡು ಗಟ್ಟಿಯಾಗಿತ್ತು, ಸೀನಿದ್ದನ್ನು ಬೆನ್ನಿಗೆ ಒರೆಸಿಕೊಂಡು ರೆಕ್ಕೆಯ ಮೇಲೆಲ್ಲ ಕಂದು ಕಲೆ. ಮೇವು ತಿನ್ನುತ್ತಿತ್ತು, ಆದರೆ ತೂಕ ಇಳಿಯುತ್ತಿತ್ತು. ಇದು ಸಾಮಾನ್ಯವಾಗಿ ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ, ಬಹುಕಾಲ ಕಾಡುವ ಉಸಿರಾಟದ ಕಾಯಿಲೆ, ಕೋಳಿ ಸಾಕುವವರ ಬಾಯಲ್ಲಿ ಸಿಆರ್‌ಡಿ. ನಿಧಾನಕ್ಕೆ ಹರಡುತ್ತದೆ, ಇವತ್ತು ಒಂದಕ್ಕೆ, ಮುಂದಿನ ವಾರ ಎರಡಕ್ಕೆ. ಇದೊಂದೇ ಆದರೆ ಕೊಲ್ಲುವುದು ಕಡಿಮೆ. ಆದರೆ ಅದು ತೆರೆದ ಬಾಗಿಲಲ್ಲಿ ಇ. ಕೋಲಿ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಒಳಗೆ ನುಗ್ಗಿದರೆ ಕಥೆ ಮುಗಿಯಿತು.

ನೊರೆಯ ಬದಲು ಮುಖವೇ ಊದಿ ಕಣ್ಣು ಮುಚ್ಚಿಹೋಗಿದೆ, ಮೂಗಿಂದ ಗೊಣ್ಣೆ ಸೋರುತ್ತಿದೆ, ಹತ್ತಿರ ಹೋದರೆ ಕೊಳೆತ ವಾಸನೆ ಬರುತ್ತಿದೆ, ಒಂದೆರಡು ದಿನದಲ್ಲೇ ಅರ್ಧ ಗೂಡಿಗೆ ಹಿಡಿದುಬಿಟ್ಟಿದೆ ಅಂದರೆ ಕೊರೈಜಾ ಅಂತ ಅನುಮಾನಿಸಿ. ಇದೂ ಬ್ಯಾಕ್ಟೀರಿಯಾದಿಂದಲೇ. ಸೋಂಕು ತಗುಲಿ ಒಂದರಿಂದ ಮೂರು ದಿನದೊಳಗೆ ಲಕ್ಷಣ ಕಾಣುತ್ತದೆ. ವಾಸನೆಯೇ ಇದರ ಗುರುತು, ಒಮ್ಮೆ ಮೂಸಿದವರು ಮರೆಯುವುದಿಲ್ಲ.

ಮೊಟ್ಟೆಯನ್ನೂ ನೋಡಿ. ಸೀನಿನ ಜೊತೆಗೆ ಮೊಟ್ಟೆಯ ಸಿಪ್ಪೆ ಸುಕ್ಕುಸುಕ್ಕಾಗಿ ಬರುತ್ತಿದ್ದರೆ, ಒಡೆದಾಗ ಬಿಳಿಭಾಗ ನೀರಿನ ಹಾಗೆ ತಟ್ಟೆ ತುಂಬಾ ಹರಿದರೆ, ಅದು ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ಇರಬಹುದು. ಅದು ಕೋಳಿಗಳ ಕೊರೋನಾ ವೈರಸ್. ನಮಗೆ ಬಂದ ಕೋವಿಡ್‌ನದ್ದಲ್ಲ, ಅದರ ದೂರದ ನೆಂಟ, ಗಾಬರಿ ಬೇಡ.

ಬಾಯಿ ತೆರೆದು ಟಾರ್ಚ್ ಬಿಡಿ. ನಾಲಿಗೆ, ಗಂಟಲ ಮೇಲೆ ಹಳದಿ ಪೊರೆ ಕಟ್ಟಿದ್ದರೆ ಅದು ಬಾಯೊಳಗೆ ಬಂದ ಕೋಳಿ ಸಿಡುಬು ಇರಬಹುದು, ಸೊಳ್ಳೆ ಕಚ್ಚಿ ಹರಡುವುದು. ಆ ಪೊರೆಯನ್ನು ಕೆರೆದು ತೆಗೆಯಬೇಡಿ, ರಕ್ತ ಬರುತ್ತದೆ. ಬರೀ ಅನ್ನ, ನುಚ್ಚು ತಿಂದು ಬೆಳೆದ ಕೋಳಿಗೆ ಎ ವಿಟಮಿನ್ ಕೊರತೆಯಾದರೂ ಗಂಟಲಲ್ಲಿ ಬಿಳಿ ಗುಳ್ಳೆ, ಕಣ್ಣಲ್ಲಿ ಗಟ್ಟಿ ಕೀವು ಬರುತ್ತದೆ. ನುಗ್ಗೆ ಸೊಪ್ಪು, ಹರಿವೆ ಸೊಪ್ಪು, ಕ್ಯಾರೆಟ್ ತುರಿ ಹಾಕುವ ಅಭ್ಯಾಸ ಇದ್ದರೆ ಈ ಗೋಳಿಲ್ಲ. ಕತ್ತು ಉದ್ದ ಚಾಚಿ ಕೆಮ್ಮಿದಾಗ ಕೊಕ್ಕಲ್ಲಿ ರಕ್ತ ಕಂಡರೆ ಲ್ಯಾರಿಂಗೋಟ್ರಕೈಟಿಸ್ ಅನ್ನುವ ಇನ್ನೊಂದು ವೈರಸ್ ಇರಬಹುದು, ವೈದ್ಯರೇ ನೋಡಬೇಕು. ಪುಟ್ಟ ಮರಿಗಳು ಸದ್ದೇ ಇಲ್ಲದೆ ಬಾಯಿ ಬಿಟ್ಟು ಒದ್ದಾಡುತ್ತಿದ್ದರೆ ಹಾಸಿದ ಹೊಟ್ಟು ಬೂಷ್ಟು ಹಿಡಿದಿದೆಯಾ ನೋಡಿ. ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿದಿದ್ದರೆ ಬಹುತೇಕ ಏನೂ ಮಾಡಲಾಗದು. ಮಳೆಗಾಲದಲ್ಲಿ ನೆನೆದ ಹೊಟ್ಟಿನ ಮೂಟೆ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ, ಬೂಷ್ಟು ಬಂದ ಜೋಳವನ್ನೂ ಅಷ್ಟೇ.

ಇಷ್ಟೆಲ್ಲ ಬರೆದರೂ ಒಂದು ಮಾತು: ಇವು ಒಂದರ ಮೇಲೊಂದು ಬರುತ್ತವೆ. ಮುಖ ನೋಡಿ ಅಂದಾಜು ಮಾಡಬಹುದು, ಖಚಿತ ಮಾಡುವುದು ಪ್ರಯೋಗಾಲಯದಲ್ಲೇ.

ಸತ್ತ ಕೋಳಿ ಹೇಳುವ ವಿಷಯ

ಬೆಂಗಳೂರಿನವರಿಗೆ ಇದೊಂದು ಅನುಕೂಲ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ, ಅಲ್ಲೇ ಪಶುವೈದ್ಯಕೀಯ ಕಾಲೇಜೂ ಇದೆ. ಒಂದು ಕೋಳಿ ಸತ್ತರೆ ಅದನ್ನು ಕೊಯ್ದು ನೋಡಿಸುವುದು, ಉಳಿದವಕ್ಕೆ ಕುರುಡಾಗಿ ಮೂರು ಥರ ಪುಡಿ ಹಾಕುವುದಕ್ಕಿಂತ ಎಷ್ಟೋ ಮೇಲು. ಕಾಯಬಾರದ ಲಕ್ಷಣಗಳು ಅಂತ ಮೇಲೆ ಹೇಳಿದೆನಲ್ಲ, ಅವಿದ್ದರೆ ಮಾತ್ರ ನೀವೇ ಹೊತ್ತುಕೊಂಡು ಹೋಗಬೇಡಿ, ಮೊದಲು ಫೋನ್. ಬೇರೆ ಸಂದರ್ಭದಲ್ಲಾದರೆ ಕೈಗೆ ಕವರ್ ಹಾಕಿಕೊಂಡು, ಕೋಳಿಯನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಐಸ್ ಇಟ್ಟು ಅವತ್ತೇ ತಲುಪಿಸಿ. ಫ್ರೀಜರಿಗೆ ಹಾಕಬೇಡಿ, ಹೆಪ್ಪುಗಟ್ಟಿದರೆ ಒಳಗಿನ ಅಂಗಾಂಶ ಹಾಳಾಗುತ್ತದೆ.

ನಮ್ಮದನ್ನು ಕೊಯ್ದ ವೈದ್ಯರು ನನ್ನನ್ನು ಕರೆದು ತೋರಿಸಿದರು. ಗಾಳಿಚೀಲದ ಪೊರೆ ಹೂವಿನಂಗಡಿಯಲ್ಲಿ ಬೊಕ್ಕೆಗೆ ಸುತ್ತುವ ತೆಳು ಪ್ಲಾಸ್ಟಿಕ್ ಥರ ಆರಪಾರ ಕಾಣಬೇಕಂತೆ. ನಮ್ಮ ಕೋಳಿಯಲ್ಲಿ ಅದು ಮಬ್ಬಾಗಿ, ದಪ್ಪಗಾಗಿ, ಅಲ್ಲಲ್ಲಿ ಒಡೆದ ಹಾಲಿನ ಗಂಟು ಅಂಟಿಕೊಂಡಿತ್ತು. ಹೃದಯದ ಮೇಲೂ ಈಲಿಯ (ಲಿವರಿನ) ಮೇಲೂ ಬಿಳಿ ಪೊರೆ. "ಇದು ಒಂದು ದಿನದ್ದಲ್ಲಮ್ಮ, ಮೂರು ನಾಲ್ಕು ವಾರದಿಂದ ನಡೀತಿದೆ" ಅಂದರು. ಸಿಆರ್‌ಡಿ, ಅದರ ಮೇಲೆ ಇ. ಕೋಲಿ. ಮೂರು ವಾರದ ಹಿಂದೆ ಅಂದರೆ ಅತ್ತೆ ನನಗೆ ಹೇಳಿದ ಹೊತ್ತು.

ಮೊದಲ ದಿನ ಮನೆಯಲ್ಲಿ ಮಾಡುವ ಕೆಲಸ

ಸೀನುವ ಕೋಳಿಯನ್ನು ಬೇರೆ ಹಾಕಿ. ಬೇರೆ ಅಂದರೆ ಅದೇ ಗೂಡಿನ ಇನ್ನೊಂದು ಮೂಲೆಯಲ್ಲ, ಮನೆಯ ಇನ್ನೊಂದು ಬದಿ. ದೊಡ್ಡ ರಟ್ಟಿನ ಡಬ್ಬ ಸಾಕು, ಕೆಳಗೆ ಪೇಪರ್ ಹಾಸಿ ದಿನಾ ಬದಲಾಯಿಸಿ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಇಲ್ಲಿ 15 ಡಿಗ್ರಿಗೆ ಇಳಿಯುತ್ತದೆ, ಆಗ ಒಂದು ಪಕ್ಕಕ್ಕೆ ಮಾತ್ರ 40 ವ್ಯಾಟಿನ ಹಳೇ ಥರದ ಬಲ್ಬ್ ಕಟ್ಟಿ, ರಟ್ಟಿಗೆ ತಾಗದ ಹಾಗೆ. ಎಲ್‌ಇಡಿ ಬಲ್ಬಿಂದ ಉಪಯೋಗವಿಲ್ಲ, ಶಾಖ ಕೊಡುವುದಿಲ್ಲ. ಬಿಸಿ ಜಾಸ್ತಿಯಾದರೆ ಕೋಳಿ ತಾನೇ ಸರಿದುಕೊಳ್ಳುವಷ್ಟು ಜಾಗ ಇರಲಿ.

ಮೇವು ನೀರು ಹಾಕುವಾಗ ಮೊದಲು ಹುಷಾರಾಗಿರುವವಕ್ಕೆ, ಆಮೇಲೆ ಕಾಯಿಲೆಯದಕ್ಕೆ. ಕಾಯಿಲೆ ಕೋಳಿಗೆ ಬೇರೆ ಚಪ್ಪಲಿ, ಬೇರೆ ಚೊಂಬು. ಇದು ಅತಿಯಾಯಿತು ಅಂತ ನನಗೂ ಅನ್ನಿಸಿತ್ತು. ಆದರೆ ಅದರ ಗೊಣ್ಣೆ ಮೆತ್ತಿದ ಕೈಯಲ್ಲೇ ಇನ್ನೊಂದರ ನೀರಿನ ಬಟ್ಟಲು ಎತ್ತಿದ್ದು ನಾನೇ ತಾನೆ.

ಕಣ್ಣು ಮೂಗು ಮೆತ್ತಿಕೊಂಡಿದ್ದರೆ ಕಾಯಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಟೀ ಚಮಚ ಉಪ್ಪು ಹಾಕಿ, ಹತ್ತಿಯಲ್ಲಿ ಅದ್ದಿ ಮೆಲ್ಲಗೆ ಒರೆಸಿ. ಮೂಗು ಕಟ್ಟಿದ ಕೋಳಿಗೆ ಅರ್ಧ ಪ್ರಾಣ ಬಂದಹಾಗಾಗುತ್ತದೆ. ಕಣ್ಣಿನ ಕೆಳಗೆ ಗಟ್ಟಿ ಗಂಟು ಕಂಡರೆ ಹಿಸುಕಬೇಡಿ. ಕೋಳಿಯ ಕೀವು ನಮ್ಮದರ ಹಾಗೆ ನೀರಾಗಿ ಹರಿಯುವುದಿಲ್ಲ, ಪನೀರ್ ತುಂಡಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಅದನ್ನು ವೈದ್ಯರು ಕೊಯ್ದೇ ತೆಗೆಯಬೇಕು.

ನೀರು ಕುಡಿಯುತ್ತಿಲ್ಲ ಅಂತ ಬಾಯಿ ತೆರೆದು ಸಿರಿಂಜಲ್ಲಿ ಸುರಿಯಬೇಡಿ. ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇದೆ, ನೀರು ನೇರ ಅಲ್ಲಿಗೆ ಹೋಗುತ್ತದೆ. ಕೊಕ್ಕಿನ ತುದಿಯನ್ನು ನೀರಿಗೆ ತಾಗಿಸಿ, ಇಲ್ಲ ಕೊಕ್ಕಿನ ಪಕ್ಕಕ್ಕೆ ಹನಿ ಹನಿ ಬಿಡಿ, ಅದೇ ನುಂಗಿಕೊಳ್ಳುತ್ತದೆ. ನೀಲಗಿರಿ ಎಣ್ಣೆ, ನೋವಿನ ಬಾಮು, ಕರ್ಪೂರ ಇದ್ಯಾವುದನ್ನೂ ಮೂಗಿಗೆ ಹಚ್ಚಬೇಡಿ. ದೊಡ್ಡಪತ್ರೆ, ತುಳಸಿ ಒಂದಿಷ್ಟು ಮೇವಿಗೆ ಸೇರಿಸಿದರೆ ಕೆಡುಕೇನಿಲ್ಲ, ನಮ್ಮತ್ತೆ ಈಗಲೂ ಹಾಕುತ್ತಾರೆ, ನಾನು ಬೇಡ ಅನ್ನುವುದಿಲ್ಲ. ಅದರಿಂದಲೇ ಮೈಕೋಪ್ಲಾಸ್ಮಾ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಔಷಧಿ

ನನ್ನ ಎರಡನೇ ತಪ್ಪು. ಒಂದು ಅಂಗಡಿಯವರು "ಶೀತಕ್ಕೆ ಇದು ಹಾಕಿ ಮೇಡಂ, ಎರಡು ದಿನದಲ್ಲಿ ಸರಿಹೋಗತ್ತೆ" ಅಂತ ಪೊಟ್ಟಣದಲ್ಲಿ ಪುಡಿ ಕಟ್ಟಿಕೊಟ್ಟರು. ಏನು ಪುಡಿ ಅಂತ ನಾನೂ ಕೇಳಲಿಲ್ಲ. ಎರಡು ದಿನ ಹಾಕಿದೆ, ಸೀನು ಕಡಿಮೆಯಾದ ಹಾಗೆ ಕಂಡಿತು, ನಿಲ್ಲಿಸಿದೆ. ನಾಲ್ಕನೇ ದಿನ ಮತ್ತೆ ಶುರು.

ವೈರಸ್ಸಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಮೈಕೋಪ್ಲಾಸ್ಮಾಕ್ಕೂ ಕೆಲಸ ಮಾಡುವುದಿಲ್ಲ. ಅಮಾಕ್ಸಿಸಿಲಿನ್, ಪೆನಿಸಿಲಿನ್ ಇವೆಲ್ಲ ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವುದನ್ನು ತಡೆಯುವ ಔಷಧಿಗಳು, ಮೈಕೋಪ್ಲಾಸ್ಮಾಕ್ಕೆ ಆ ಗೋಡೆಯೇ ಇಲ್ಲ. ಇಲ್ಲದ ಗೋಡೆಯನ್ನು ಹೇಗೆ ಕೆಡವುತ್ತೀರಿ? ಅದಕ್ಕೆ ಟೈಲೋಸಿನ್, ಟಯಾಮುಲಿನ್, ಡಾಕ್ಸಿಸೈಕ್ಲಿನ್ ಥರದ ಬೇರೆ ಗುಂಪಿನ ಔಷಧಿಗಳಿವೆ. ಯಾವುದು, ಎಷ್ಟು, ಎಷ್ಟು ದಿನ ಅನ್ನುವುದನ್ನು ಕೋಳಿಯ ತೂಕ ನೋಡಿ ವೈದ್ಯರೇ ಬರೆಯಬೇಕು. ಅದಕ್ಕೇ ನಾನು ಇಲ್ಲಿ ಪ್ರಮಾಣ ಬರೆಯುವುದಿಲ್ಲ. ಆದರೆ ವೈದ್ಯರ ಹತ್ತಿರ ಹೋಗುವಾಗ ನೀವು ಹೇಳಲೇಬೇಕಾದ್ದು, ಕೇಳಲೇಬೇಕಾದ್ದು ಕೆಲವಿವೆ.

ಮೇವಿನ ಚೀಲದ ಚೀಟಿ ತೆಗೆದುಕೊಂಡು ಹೋಗಿ. ಮರಿಗಳ ಮೇವಿನಲ್ಲಿ ರಕ್ತಭೇದಿ ಬರದಿರಲಿ ಅಂತ ಸ್ಯಾಲಿನೋಮೈಸಿನ್, ಮೊನೆನ್ಸಿನ್ ಸೇರಿಸಿರುತ್ತಾರೆ. ಅದರ ಜೊತೆ ಟಯಾಮುಲಿನ್ ಬಿದ್ದರೆ ಕೋಳಿಗೆ ವಿಷವಾಗುತ್ತದೆ. ರೋಗದಿಂದ ಉಳಿದದ್ದು ಔಷಧಿಯಿಂದ ಹೋಗುತ್ತದೆ.

ಯಾವ ನೀರು ಕೊಡುತ್ತೀರಿ ಅಂತ ಹೇಳಿ. ನಮ್ಮ ಕಡೆ ಬೋರ್‌ವೆಲ್ ನೀರಿಗೆ ಪಾತ್ರೆಯೆಲ್ಲ ಬಿಳಿ ಕಟ್ಟುತ್ತದಲ್ಲ, ಆ ಸುಣ್ಣದ ಅಂಶ ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೊಟ್ಟೆಯಿಂದ ರಕ್ತಕ್ಕೆ ಸೇರಲು ಬಿಡುವುದಿಲ್ಲ. ಮೊಟ್ಟೆ ಸಿಪ್ಪೆ ಗಟ್ಟಿಯಾಗಲಿ ಅಂತ ಹಾಕುವ ಚಿಪ್ಪಿನ ಪುಡಿಯೂ ಅದೇ ಕೆಲಸ ಮಾಡುತ್ತದೆ. ಔಷಧಿ ಕೊಡುವ ದಿನಗಳಲ್ಲಿ ಅದನ್ನು ತೆಗೆದಿಡಬೇಕಾ ಅಂತ ಕೇಳಿ. ನಾನು ಔಷಧಿಗೆ ಮಾತ್ರ ಕುಡಿಯುವ ನೀರಿನ ಕ್ಯಾನಿಂದ ತೆಗೆದುಕೊಂಡೆ. ದೊಡ್ಡ ಕೋಳಿ ದಿನಕ್ಕೆ ಕಾಲು ಲೀಟರ್ ಕುಡಿದರೆ ಹೆಚ್ಚು, ಕ್ಯಾನ್ ಏನು ಖಾಲಿಯಾಗುವುದಿಲ್ಲ. ಹಾಗೇ, ಕಾಯಿಲೆ ಬಿದ್ದ ಕೋಳಿ ನೀರು ಕುಡಿಯುವುದೇ ಕಡಿಮೆ, ಆದ್ದರಿಂದ ನೀರಿಗೆ ಹಾಕಿದ ಔಷಧಿ ಅದಕ್ಕೆ ಎಷ್ಟು ಬೇಕೋ ಅಷ್ಟು ಹೋಗುವುದಿಲ್ಲ. ತೀರಾ ಸೊರಗಿದ್ದರೆ ಬಾಯಿಗೆ ಹನಿಯೋ ಇಂಜೆಕ್ಷನ್ನೋ ಸರಿಯಾ ಅಂತ ಕೇಳಿ.

ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು, ಇದನ್ನು ಕೇಳದೆ ಎದ್ದು ಬರಬೇಡಿ. ಕೆಲವು ಔಷಧಿ ಮೊಟ್ಟೆಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಮನೆ ಕೋಳಿ ಮೊಟ್ಟೆ, ಏನೂ ಬೆರೆಸಿಲ್ಲ ಅಂತ ಪಕ್ಕದ ಮನೆ ಮಗುವಿಗೆ ಕೊಡುವವರು ನಾವೇ ಅಲ್ವಾ. ಕೊಲಿಸ್ಟಿನ್ ಅನ್ನುವ ಆಂಟಿಬಯೋಟಿಕ್ ಇರುವ ಪುಡಿ ಯಾರಾದರೂ ಕೊಟ್ಟರೆ ವಾಪಸ್ ಕೊಟ್ಟುಬಿಡಿ, ನಾವು ತಿನ್ನುವ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ನಮ್ಮ ದೇಶದಲ್ಲಿ 2019ರಲ್ಲೇ ನಿಷೇಧಿಸಿದ್ದಾರೆ. ಇನ್ನು, ವೈದ್ಯರು ಐದು ದಿನ ಅಂದರೆ ಐದು ದಿನ. ನಾನು ಮಾಡಿದ ಹಾಗೆ ಎರಡಕ್ಕೆ ನಿಲ್ಲಿಸಬೇಡಿ.

ಸೀನು ನಿಂತ ಮೇಲೆ

ಸೀನು ನಿಂತಿತು, ಕಣ್ಣು ತಿಳಿಯಾಯಿತು, ಮತ್ತೆ ಮೊಟ್ಟೆ ಇಡಲು ಶುರು ಮಾಡಿತು. ಮೈಕೋಪ್ಲಾಸ್ಮಾ ಹೋಗಿರುವುದಿಲ್ಲ. ಔಷಧಿ ಅದನ್ನು ಅಡಗಿಸುತ್ತದೆ, ತೊಲಗಿಸುವುದಿಲ್ಲ. ಆ ಕೋಳಿ ಬದುಕಿರುವಷ್ಟು ದಿನ ಅದನ್ನು ಹೊತ್ತುಕೊಂಡೇ ಇರುತ್ತದೆ. ಚಳಿ ಬಿದ್ದಾಗ, ಜಾಗ ಬದಲಾದಾಗ, ಹೊಸ ಹುಂಜ ಬಂದು ಕಿತ್ತಾಟ ಆದಾಗ ಮತ್ತೆ ತಲೆ ಎತ್ತುತ್ತದೆ. ಮೊಟ್ಟೆಯ ಮೂಲಕ ಮರಿಗೂ ದಾಟುತ್ತದೆ. ಕೊರೈಜಾದಲ್ಲೂ ಹುಷಾರಾದ ಕೋಳಿಗಳು ಹೀಗೇ ರೋಗ ಹೊತ್ತು ತಿರುಗುತ್ತವೆ.

ಹಾಗಾದರೆ ಏನು ಮಾಡುವುದು? ಎರಡು ದಾರಿ. ಇರುವ ಅಷ್ಟನ್ನೂ ಮುಗಿಸಿ, ಗೂಡು ಖಾಲಿ ಬಿಟ್ಟು, ತೊಳೆದು ಬಿಸಿಲಿಗೆ ಒಣಗಿಸಿ ಹೊಸದಾಗಿ ಶುರು ಮಾಡುವುದು. ಮೈಕೋಪ್ಲಾಸ್ಮಾ ಕೋಳಿಯ ಮೈಯಿಂದ ಹೊರಗೆ ಬಿದ್ದರೆ ಬಹಳ ಕಾಲ ಬದುಕುವುದಿಲ್ಲ, ಆದ್ದರಿಂದ ಒಂದು ತಿಂಗಳು ಗೂಡು ಖಾಲಿ ಇದ್ದರೆ ಧೈರ್ಯವಾಗಿ ಹೊಸ ಮರಿ ಬಿಡಬಹುದು. ಇಲ್ಲವೇ ಇರುವುದನ್ನೇ ಇಟ್ಟುಕೊಂಡು ಬಾಗಿಲು ಹಾಕಿಕೊಳ್ಳುವುದು: ಹೊಸ ಕೋಳಿ ತರುವುದಿಲ್ಲ, ಇದ್ದದ್ದನ್ನು ಕೊಡುವುದಿಲ್ಲ, ಇವುಗಳ ಮೊಟ್ಟೆಗೆ ಕಾವು ಕೂರಿಸುವುದಿಲ್ಲ. ನಾವು ಎರಡನೆಯದನ್ನು ಆರಿಸಿಕೊಂಡೆವು, ಮಗಳು ಆ ಬೂದು ಹ್ಯಾಟೆಗೆ ಹೆಸರಿಟ್ಟುಬಿಟ್ಟಿದ್ದಳು, ಕುಯ್ಯಲು ಎಲ್ಲಿ ಬಿಡುತ್ತಾಳೆ. ಆದರೆ ಹೀಗಿರುವ ಕೋಳಿಯನ್ನು ವಿಷಯ ಮುಚ್ಚಿಟ್ಟು ಇನ್ನೊಬ್ಬರಿಗೆ ದಾಟಿಸುವುದು ಮೋಸ. ನನಗೆ ಬಂದದ್ದೂ ಹಾಗೇ ಇರಬೇಕು.

ಮೂರನೇ ತಪ್ಪು ಅದು. ಸೀನು ಶುರುವಾಗುವ ಹನ್ನೆರಡು ದಿನ ಮೊದಲು ಸಂತೆಯಲ್ಲಿ ಎರಡು ಹ್ಯಾಟೆ ಕೊಂಡು, ಅವತ್ತು ಸಂಜೆಯೇ ಗೂಡಿಗೆ ಬಿಟ್ಟಿದ್ದೆ. ನೋಡುವುದಕ್ಕೆ ಲಕ್ಷಣವಾಗಿದ್ದವು, ಜುಟ್ಟು ಕೆಂಪಗೆ. ಹೊಸ ಕೋಳಿ ಎಲ್ಲಿಂದಲೇ ಬರಲಿ 30 ದಿನ ಬೇರೆ ಇಡಬೇಕು, ಆ ದಿನಗಳಲ್ಲಿ ರಾತ್ರಿ ಕಿವಿ ಕೊಡಬೇಕು. ಒಂದು ತಿಂಗಳು ಬೇರೆ ಇಡುವ ಜಾಗ ಇಲ್ಲ ಅಂದರೆ ಹೊಸ ಕೋಳಿ ತರುವ ಜಾಗವೂ ಇಲ್ಲ ಅಂತ ಅರ್ಥ.

ಗೂಡನ್ನು ಸರಿಮಾಡುವುದು

ಗಾಳಿ ಆಡಬೇಕು, ಆದರೆ ಮಲಗಿದ ಕೋಳಿಯ ಮೈಗೆ ನೇರ ಹೊಡೆಯಬಾರದು. ಚಾವಣಿಯ ಕೆಳಗೆ, ಕೋಳಿ ಕೂರುವ ಕೋಲಿಗಿಂತ ಮೇಲೆ, ಎದುರುಬದುರು ಎರಡು ಕಡೆ ಒಂದು ಗೇಣು ಜಾಲರಿ ಬಿಡಿ. ಬಿಸಿ ಗಾಳಿ, ತೇವ, ಅಮೋನಿಯಾ ಅಲ್ಲಿಂದ ಹೋಗುತ್ತದೆ. ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಳಿ ಪಶ್ಚಿಮದಿಂದ ಬೀಸುತ್ತದೆ, ಅಕ್ಟೋಬರ್ ನವೆಂಬರಿನಲ್ಲಿ ಪೂರ್ವದ ಕಡೆಯಿಂದ. ಎರಚಲು ಬರುವ ಬದಿಗೆ ಮಾತ್ರ ಟಾರ್ಪಾಲ್ ಕಟ್ಟಿ, ಅದೂ ಮೇಲೆ ಒಂದಡಿ ಬಿಟ್ಟು. ಕೋಳಿ ಒಣಗಿದ್ದರೆ ಬೆಂಗಳೂರಿನ ಚಳಿ ಅದಕ್ಕೆ ಏನೂ ಅಲ್ಲ, ಪುಕ್ಕ ಉಬ್ಬಿಸಿಕೊಂಡು ಕೂರುತ್ತದೆ. ಅದಕ್ಕೆ ಆಗದಿರುವುದು ಒದ್ದೆ.

ನೆಲಕ್ಕೆ ಭತ್ತದ ಹೊಟ್ಟನ್ನು ಮೂರು ನಾಲ್ಕು ಇಂಚು ಹಾಸಿ, ಎರಡು ದಿನಕ್ಕೊಮ್ಮೆ ಕೆದಕಿ, ನೀರಿನ ಬಟ್ಟಲಿನ ಸುತ್ತ ಒದ್ದೆಯಾದದ್ದನ್ನು ಅವತ್ತೇ ತೆಗೆಯಿರಿ. ಕೈಯಲ್ಲಿ ಹಿಡಿದು ಹಿಸುಕಿದರೆ ಉಂಡೆಯಾಗಬಾರದು, ಉದುರಬೇಕು. ತುಂಬಾ ಜನ ಮಾಡುವ ಒಂದು ತಪ್ಪು, ವಾಸನೆ ಬಂತು ಅಂತ ಹಿಕ್ಕೆ ತುಂಬಿದ ಒದ್ದೆ ಹೊಟ್ಟಿನ ಮೇಲೆಯೇ ಸುಣ್ಣ ಎರಚುವುದು. ಸುಣ್ಣ ಬಿದ್ದರೆ ಅದರಲ್ಲಿರುವ ಅಮೋನಿಯಾ ಇನ್ನಷ್ಟು ಮೇಲಕ್ಕೆ ಏಳುತ್ತದೆ. ಹೊಟ್ಟೆಲ್ಲ ಗುಡಿಸಿ ತೆಗೆದ ಮೇಲೆ ಬರಿ ನೆಲಕ್ಕೆ ಸುಣ್ಣ ಬಳಿಯಿರಿ, ಒಣಗಲು ಬಿಡಿ, ಆಮೇಲೆ ಹೊಸ ಹೊಟ್ಟು. ಇದನ್ನು ಮಾಡುವಾಗ ನೀವು ಮಾಸ್ಕ್ ಹಾಕಿಕೊಳ್ಳಿ.

ಲಸಿಕೆ

ಕೊಕ್ಕರೆ ರೋಗಕ್ಕೆ ಔಷಧಿ ಇಲ್ಲದಿದ್ದರೂ ಲಸಿಕೆ ಇದೆ, ಅದೂ ಅಗ್ಗ. ಮರಿ ಐದರಿಂದ ಏಳು ದಿನದ್ದಿರುವಾಗ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟಾ ಅಥವಾ ಎಫ್ ಲಸಿಕೆ, ನಾಲ್ಕನೇ ವಾರ ಮತ್ತೊಮ್ಮೆ ಲಸೋಟಾ, ಎಂಟನೇ ವಾರ ಆರ್‌ಟುಬಿ ಇಂಜೆಕ್ಷನ್. ಆರು ವಾರಕ್ಕಿಂತ ಸಣ್ಣ ಮರಿಗೆ ಆರ್‌ಟುಬಿ ಹಾಕಬಾರದು, ತಡೆದುಕೊಳ್ಳುವುದಿಲ್ಲ. ಈಗಾಗಲೇ ಸೀನುತ್ತಿರುವ ಗುಂಪಿಗೂ ಲಸಿಕೆ ಬೇಡ, ಮೊದಲು ಹುಷಾರಾಗಲಿ.

ಇದು ಜೀವಂತ ವೈರಸ್ ಇರುವ ಲಸಿಕೆ. ಅಂಗಡಿಯಿಂದ ಐಸ್ ತುಂಬಿದ ಫ್ಲಾಸ್ಕಿನಲ್ಲೇ ತನ್ನಿ. ಮಧ್ಯಾಹ್ನದ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಒಂದು ಗಂಟೆ ಬೆಂದರೆ ಅದು ಲಸಿಕೆಯಲ್ಲ, ಬಣ್ಣದ ನೀರು. ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ. ಕುಡಿಯುವ ನೀರಿನಲ್ಲಿ ಕೊಡುವುದಾದರೆ ನಲ್ಲಿಯ ಕಾವೇರಿ ನೀರು ಬೇಡ, ಅದರಲ್ಲಿರುವ ಕ್ಲೋರಿನ್ ಲಸಿಕೆಯ ವೈರಸ್ಸನ್ನು ಕೊಂದುಬಿಡುತ್ತದೆ. ಕ್ಲೋರಿನ್ ಇಲ್ಲದ ನೀರಿಗೆ ಸ್ವಲ್ಪ ಕೆನೆರಹಿತ ಹಾಲಿನ ಪುಡಿ ಕಲಸಿ ಅದರಲ್ಲಿ ಬೆರೆಸುತ್ತಾರೆ.

ಲಸಿಕೆಯ ಸೀಸೆ ಸಿಗುವುದು ನೂರು ಕೋಳಿಯ ಲೆಕ್ಕದಲ್ಲಿ. ನಮ್ಮ ಹತ್ತಿರ ಇರುವುದು ಎಂಟು. ಉಳಿದದ್ದನ್ನು ಫ್ರಿಜ್ಜಲ್ಲಿಟ್ಟು ಮುಂದಿನ ತಿಂಗಳು ಹಾಕುವ ಹಾಗಿಲ್ಲ. ನಮ್ಮ ಬೀದಿಯಲ್ಲಿ ಕೋಳಿ ಸಾಕುವ ನಾಲ್ಕು ಮನೆಯವರು ಸೇರಿ ಒಂದೇ ದಿನ ಹಾಕಿಸುವ ಮಾತಾಗಿದೆ. ಕೋಳಿಗಳನ್ನೆಲ್ಲ ಒಂದೇ ಮನೆಗೆ ತರುವುದು ಬೇಡ, ಸೀಸೆ ಹಿಡಿದುಕೊಂಡು ನಾವೇ ಮನೆಮನೆಗೆ ಹೋಗೋಣ ಅಂದೆ. ಕೊನೆಗೆ ಬರುವುದು ನಮ್ಮ ಮನೆಗೆ, ಯಾಕೆಂದರೆ ರೋಗ ಇದ್ದದ್ದು ನಮ್ಮಲ್ಲಿ.